ಕಾಣದೆ ಹೋದ ನಕ್ಷತ್ರ

ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿ, ಸುಮಾರು 725 ಮೀಟರ್ ಎತ್ತರದಲ್ಲಿರುವ ಕಾವಲೂರಿನ ಖಗೋಳ ವೀಕ್ಷಣಾಲಯವನ್ನು ಕಂಡು ಬಂದೆನು. ಅಲ್ಲಿಯ ಮಹಾದೂರದರ್ಶಕದ ಕನ್ನಡಿಯ ವ್ಯಾಸ 2.34 ಮೀಟರ್, ಅದನ್ನು ಉಜ್ಜಿ ನಯಗೊಳಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಈ ಕಾರ್ಯವನ್ನು ಆರಂಭಿಸಿದ ವಿಜ್ಞಾನಿ ವೈನು ಬಪ್ಪು ಅವರು 1982ರಲ್ಲಿಯೇ ತೀರಿಕೊಂಡರು. ದೂರದರ್ಶಕವು ಲೋಕಾರ್ಪಣೆಗೊಂಡು ಅವರ ಹೆಸರನ್ನು ಪಡೆದದ್ದು 1986ರಲ್ಲಿ. ತಾವು ಕಟ್ಟತೊಡಗಿದ ಆ ಕಣ್ಣಿನಿಂದ ಒಂದು ನಕ್ಷತ್ರವನ್ನೂ ಅವರು ಕಾಣಲಿಲ್ಲ.

ಅರುವತ್ತು ದಾಟಿದ ನಾನು, ಮುಗಿಸಲಾರೆನೆಂಬ ಅಳುಕಿನಿಂದ ತಾಳೆಗರಿಯ ಗ್ರಂಥವೊಂದರ ಸಂಪಾದನೆಯನ್ನು ಕೈಬಿಟ್ಟಿದ್ದೆನು. ಫಲವನ್ನು ತಾನೇ ಕಾಣಬೇಕೆಂಬ ಹಟವಿಲ್ಲದ ದುಡಿಮೆಯೇ ಕಾಯಕವೆಂದು ಮಠದಲ್ಲಿ ಗುರುಗಳು ಹೇಳುತ್ತಿದ್ದ ಮಾತು ಆ ದೂರದರ್ಶಕದ ಮುಂದೆ ನೆನಪಾಯಿತು. ಊರಿಗೆ ಮರಳಿದ ದಿನವೇ ಓಲೆಗಳ ಕಟ್ಟನ್ನು ಬಿಚ್ಚಿದೆನು. ಉಳಿದುದನ್ನು ಮುಂದಿನವರು ಪೂರೈಸಲಿ.