ಸಭಾಕಂಪ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಇಲ್ಲಿ ನಾವು ಪಡೆದ ಬಹುಮಾನಗಳ ಮಾತನ್ನು ಬಿಟ್ಟು, ಎಲ್ಲರೆದುರು ನಾವು ಸೋತ ದಿನವನ್ನು ಕುರಿತು ಬರೆಯುವುದೇ ಲೇಸೆಂದು ತೋರಿತು. ಅಂದಿನ ಸೋಲಿನಿಂದ ದೊರೆತ ಪಾಠವು ಮುಂದೆ ನಮ್ಮ ಕೈಬಿಡದೆ ಬಂದುದರಿಂದ, ಹಳೆಯ ಗೆಳತಿಯರೂ ಈಗಿನ ಬಾಲಕಿಯರ ತಂದೆತಾಯಿಗಳೂ ಅದನ್ನು ಕೇಳಿ ನಕ್ಕರೂ ಚಿಂತೆಯಿಲ್ಲ.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವದಲ್ಲಿ ಸ್ವಚ್ಛತೆಯ ವಿಷಯವಾಗಿ ಭಾಷಣ ಮಾಡುವ ಭಾಗ್ಯವು ನಮ್ಮ ಪಾಲಿಗೆ ಬಂದಿತು. ಮನೆಯಲ್ಲಿ ಅಣ್ಣನಿಂದ ನಾಲ್ಕು ಪುಟಗಳನ್ನು ಬರೆಯಿಸಿಕೊಂಡು ಹದಿನೈದು ದಿನ ಬಾಯಿಪಾಠ ಮಾಡಿದೆವು. ಆ ದಿನ ತಂದೆತಾಯಿಗಳು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಅಧ್ಯಕ್ಷರಿಗೆ ವಂದಿಸಿ ಎರಡನೆಯ ಪುಟದ ಕಡೆಯವರೆಗೂ ಗಿಳಿಯಂತೆ ಒಪ್ಪಿಸಿದೆವು. ಅಷ್ಟರಲ್ಲಿ ಸಭೆಯಲ್ಲಿ ಯಾರೋ ಕೆಮ್ಮಿದರು. ಒಂದು ಪದ ಜಾರಿತು. ಅದರ ಬೆನ್ನಿಗೆ ಉಳಿದ ಎರಡು ಪುಟಗಳೂ ಜಾರಿಹೋದವು. ನಾಲಗೆ ಒಣಗಿತು, ಮೊಣಕಾಲು ನಡುಗಿತು. ತಾಯಿಯವರು ಮೆಲ್ಲನೆ ತಲೆ ತಗ್ಗಿಸಿದುದೊಂದು ಮಾತ್ರ ಕಣ್ಣಿಗೆ ಬಿದ್ದಿತು. ನಾವು ವೇದಿಕೆಯಿಂದ ಹೇಗೆ ಇಳಿದೆವೆಂಬುದು ಇಂದಿಗೂ ನೆನಪಿಲ್ಲ.

ಮರುದಿನ ವಿಜ್ಞಾನದ ಉಪಾಧ್ಯಾಯಿನಿಯವರು ನಮ್ಮನ್ನು ಕರೆಯಿಸಿದರು. ಬೈಯುವರೆಂದು ಹೆದರಿ ನಿಂತಿದ್ದೆವು. ಅವರು, “ಮಗು, ನಿನ್ನೆ ನಿನ್ನ ಎದುರಿಗೆ ಯಾರು ಯಾರು ಕುಳಿತಿದ್ದರು, ಹೇಳು ನೋಡೋಣ” ಎಂದರು. ತಂದೆತಾಯಿಗಳ ಹೊರತು ಒಬ್ಬರನ್ನೂ ಹೇಳಲಾಗಲಿಲ್ಲ. “ನೋಡಿದೆಯಾ! ನೀನು ಕಾಗದದೊಡನೆ ಮಾತನಾಡಿದೆ, ಮನುಷ್ಯರೊಡನೆ ಮಾತನಾಡಲಿಲ್ಲ. ಕಾಗದ ಮರೆತುಹೋಯಿತು, ಮಾತೂ ಹೋಯಿತು” ಎಂದು ನಕ್ಕು, ಮೈಕೇಲ್ ಫ್ಯಾರಡೆಯವರ ಕಥೆಯನ್ನು ಹೇಳಿದರು.

ಫ್ಯಾರಡೆಯವರು 1791ರಲ್ಲಿ ಇಂಗ್ಲೆಂಡಿನ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದವರು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವರು. 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. ಮರುವರ್ಷ ಅಲ್ಲಿಯೇ ಕೆಲಸಕ್ಕೆ ಸೇರಿದರು. ಮುಂದೆ ಅಂತಹ ವಿಜ್ಞಾನಿಯಾದರೂ ಮಾತಿನ ಕಲೆಯು ತಮಗೆ ತಾನಾಗಿ ಬಂದೀತೆಂದು ಅವರು ನಂಬಲಿಲ್ಲ. ಹಣ ಕೊಟ್ಟು ಪಾಠ ಹೇಳಿಸಿಕೊಂಡರು. ಉಪನ್ಯಾಸದ ನಡುವೆ ಮಾತಿನ ಓಟ ಹೆಚ್ಚಿದರೆ, ‘ನಿಧಾನ’ ಎಂದು ಬರೆದ ಚೀಟಿಯನ್ನು ತಮ್ಮ ಮುಂದಿಡಬೇಕೆಂದು ಸಹಾಯಕನಿಗೆ ತಿಳಿಸಿದ್ದರು. ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗಾಗಿ ಅವರು ಮಾಡಿದ ಉಪನ್ಯಾಸಗಳ ಪೈಕಿ ಮೇಣದ ಬತ್ತಿಯನ್ನು ಕುರಿತವು ಹೆಸರಾದುವು. ಅವು 1861ರಲ್ಲಿ ಪುಸ್ತಕವಾಗಿಯೂ ಬಂದುವು. ಉರಿಯುವ ಬತ್ತಿಯನ್ನು ಊದಿ ಆರಿಸಿ, ಮೇಲೇಳುವ ಹೊಗೆಯ ಎಳೆಗೆ ತುಸು ದೂರದಿಂದಲೇ ಬೆಂಕಿ ತಾಗಿಸಿದರೆ ಜ್ವಾಲೆಯು ಆ ಎಳೆಯನ್ನು ಹಿಡಿದು ಬತ್ತಿಗೆ ಇಳಿಯುವುದನ್ನು ಅವರು ಮಾಡಿ ತೋರಿಸಿದರು. ಉಪಾಧ್ಯಾಯಿನಿಯವರೂ ಅಂದು ಮೇಜಿನ ಮೇಲೆ ಅದನ್ನು ಮಾಡಿ ತೋರಿಸಿ, “ಇದನ್ನು ನೀನು ಮರೆಯುವೆಯಾ?” ಎಂದು ಕೇಳಿದರು. ನಾವು ಮರೆತಿಲ್ಲ.

ಆದರೆ ಕೇಳಿದ ಪಾಠವು ಕೈಗೆ ಹತ್ತಲು ವರ್ಷಗಳು ಹಿಡಿದುವು. ದಾದಿಯರ ತರಬೇತಿ ಮುಗಿಸಿ ಹಳ್ಳಿಗಳಿಗೆ ಹೋಗತೊಡಗಿದ ಕಾಲದಲ್ಲಿ, ಒಂದು ಬೇಸಗೆಯಲ್ಲಿ ಕೂಸುಗಳಿಗೆ ಭೇದಿ ಹಬ್ಬಿತ್ತು. ಭೇದಿಯಾದ ಕೂಸಿಗೆ ನೀರು ಕೊಡಬಾರದೆಂಬ ನಂಬಿಕೆ ಆ ಊರಿನಲ್ಲಿ ಬಲವಾಗಿತ್ತು. ಮರದ ಕೆಳಗೆ ತಾಯಂದಿರನ್ನು ಸೇರಿಸಿ, ಅತಿಸಾರವೆಂದೂ ನಿರ್ಜಲೀಕರಣವೆಂದೂ ಅರ್ಧ ಗಂಟೆ ಗ್ರಂಥಭಾಷೆಯಲ್ಲಿ ಉಪದೇಶಿಸಿದೆವು. ಒಂದು ಪದವೂ ಜಾರಲಿಲ್ಲವೆಂದು ಒಳಗೊಳಗೇ ಹೆಮ್ಮೆಪಟ್ಟೆವು. ಆಗ ಹಿಂದಿನಿಂದ ಒಬ್ಬ ಅಜ್ಜಿ, ಕಣ್ಣು ಗುಳಿಬಿದ್ದ ಮೊಮ್ಮಗುವನ್ನು ಎತ್ತಿಕೊಂಡು ಬಂದು, “ನರ್ಸಮ್ಮ, ಬಲು ಚೆಂದ ಹೇಳಿದ್ರಿ. ಅದಿರಲಿ, ಈ ಕೂಸಿಗೆ ಈಗ ಏನು ಕುಡಿಸಲಿ?” ಎಂದರು.

ವಾರ್ಷಿಕೋತ್ಸವದ ದಿನಕ್ಕಿಂತ ಹೆಚ್ಚು ನಾಚಿಕೆ ನಮಗೆ ಆಗ ಆಯಿತು. ಅಂದು ಹೋದುದು ನಮ್ಮ ಮಾನವೊಂದೇ. ಇಲ್ಲಿ ಹೋಗುವಂತಿದ್ದುದು ಆ ಕೂಸಿನ ಪ್ರಾಣ. ಕೂಡಲೆ ಕಾಯಿಸಿ ಆರಿಸಿದ ನೀರು ಒಂದು ಲೀಟರು, ಸಕ್ಕರೆ, ಉಪ್ಪು, ಒಂದು ಟೀ ಚಮಚ ತರಿಸಿದೆವು. ನಾವು ಕೈಹಚ್ಚದೆ ಅಜ್ಜಿಯಿಂದಲೇ ಆರು ಸಮಚಮಚ ಸಕ್ಕರೆಯನ್ನೂ ಅರ್ಧ ಸಮಚಮಚ ಉಪ್ಪನ್ನೂ ಹಾಕಿಸಿ ಕಲಕಿಸಿದೆವು. “ನಾಲಗೆಗೆ ಹಚ್ಚಿ ನೋಡಿ, ಅಜ್ಜಿ, ಕಣ್ಣೀರಿಗಿಂತ ಉಪ್ಪಾಗಿರಬಾರದು” ಎಂದೆವು. ಕಣ್ಣೀರಿನ ರುಚಿಯನ್ನು ಅಲ್ಲಿ ಯಾವ ತಾಯಿಗೂ ಕಲಿಸಬೇಕಾಗಿರಲಿಲ್ಲ. ಒಬ್ಬೊಬ್ಬರೂ ಬಂದು ರುಚಿ ನೋಡಿದರು, ಕೇಳಿದರು, ನಕ್ಕರು, ವಾದಿಸಿದರು. ಅಜ್ಜಿ ನಮ್ಮ ಕಣ್ಣೆದುರಿಗೇ ಚಮಚ ಚಮಚವಾಗಿ ಕುಡಿಸಿದರು. ಸಂಜೆಯ ಹೊತ್ತಿಗೆ ಕೂಸು ಗಟ್ಟಿಯಾಗಿ ಅತ್ತಿತು. ಅಳುವಾಗ ಕಣ್ಣಲ್ಲಿ ನೀರು ಬಂದಿತು. ನಮ್ಮ ಮಾತಿಗೆ ಅದಕ್ಕಿಂತ ದೊಡ್ಡ ಚಪ್ಪಾಳೆ ಮತ್ತೆಂದೂ ದೊರೆತಿಲ್ಲ.

ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸಂಸ್ಥೆಯವರು 1980ರಿಂದ 1990ರವರೆಗೆ ಮನೆಮನೆಗೆ ಹೋಗಿ ಇದನ್ನೇ ಕಲಿಸಿದರೆಂದು ಮುಂದೆ ಓದಿದೆವು. ಅಲ್ಲಿ ಅಳತೆಗೆ ಚಮಚವೂ ಇಲ್ಲ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಒಂದು ಕೋಟಿಗೂ ಮಿಕ್ಕ ಮನೆಗಳನ್ನು ಅವರು ಮುಟ್ಟಿದರು. ಕಲಿಸುವ ಹೆಂಗಸರು ಎಷ್ಟು ಹೊತ್ತು ಮಾತನಾಡಿದರೆಂಬುದಕ್ಕೆ ಅಲ್ಲಿ ಸಂಬಳವಿರಲಿಲ್ಲ. ಕೆಲವು ವಾರಗಳ ಮೇಲೆ ಬೇರೊಬ್ಬರು ಹೋಗಿ ವಿಚಾರಿಸಿದಾಗ ತಾಯಂದಿರಿಗೆ ಎಷ್ಟು ನೆನಪಿತ್ತೋ ಅದಕ್ಕೆ ತಕ್ಕಂತೆ ಸಂಬಳ. ಈ ಲೆಕ್ಕದಲ್ಲಿ ನಮ್ಮ ಗ್ರಂಥಭಾಷೆಯ ಅರ್ಧ ಗಂಟೆಗೆ ಎಷ್ಟು ಕಾಸು ಹುಟ್ಟುತ್ತಿತ್ತೆಂದು ನೆನೆದು ನಮಗೆ ನಾವೇ ನಕ್ಕೆವು.

ಈಗಿನ ಬಾಲಕಿಯರಿಗೆ ಗೋಡೆಯ ಮೇಲೆ ಚಿತ್ರವನ್ನೂ ಬರಹವನ್ನೂ ಮೂಡಿಸುವ ಯಂತ್ರಗಳಿವೆ. ಸಭೆಗೆ ಬೆನ್ನು ತಿರುಗಿಸಿ ಗೋಡೆಯನ್ನು ಓದಿದರೆ ಅದೂ ನಮ್ಮ ನಾಲ್ಕು ಪುಟಗಳ ಜಾತಿಯದೇ ಆಗುವುದು. ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿಯುಂಟು. ಮಗಳಿಗೆ ಭಾಷಣವನ್ನು ಬರೆದುಕೊಡಬೇಡಿರಿ. ಅವಳು ಹೇಳಬೇಕೆಂದಿರುವುದನ್ನು ಅಡಿಗೆಮನೆಯಲ್ಲಿ ಅಜ್ಜಿಗೆ ಹೇಳಲಿ, ಅಜ್ಜಿ ಅದನ್ನು ತಿರುಗಿ ಹೇಳಲಿ. ಅಜ್ಜಿಗೆ ಎಷ್ಟು ನೆನಪುಳಿಯಿತೋ ಅಷ್ಟೇ ಭಾಷಣ.

ನಮ್ಮ ಸಭಾಕಂಪವು ಪೂರ್ತಿ ಹೋಯಿತೆಂದು ಹೇಳಲಾರೆವು. ಇಂದಿಗೂ ಎದ್ದು ನಿಂತೊಡನೆ ಮೊಣಕಾಲು ನಡುಗುವುದುಂಟು. ಆಗ ಉಪಾಧ್ಯಾಯಿನಿಯವರ ಪ್ರಶ್ನೆ ನೆನಪಾಗುತ್ತದೆ. ಎದುರಿಗೆ ಯಾರು ಯಾರು ಕುಳಿತಿದ್ದಾರೆಂದು ಒಬ್ಬೊಬ್ಬರನ್ನಾಗಿ ನೋಡುತ್ತೇವೆ. ಕಡೆಯ ಸಾಲನ್ನು ಮುಟ್ಟುವಷ್ಟರಲ್ಲಿ ನಡುಕವು ತಾನಾಗಿಯೇ ಇಳಿದಿರುತ್ತದೆ.