ಪೆನ್ಸಿಲ್ಲಿನಲ್ಲಿ ಬರೆದ ತಾರೀಖು

ತಾರೀಖು ಹೊಂದಿಸುವ ಕೆಲಸವೆಂದರೆ ನನಗೆ ಬಹಳ ಇಷ್ಟ. ಕ್ಯಾನ್ಸರ್ ಆಸ್ಪತ್ರೆಯ ನರ್ಸು ಹೀಗೆಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಇಂಜೆಕ್ಷನ್ನು, ಡ್ರಿಪ್ಪು, ಡ್ರೆಸ್ಸಿಂಗು ಇವೇ ನಮ್ಮ ಕೆಲಸವೆಂದು ಅವರ ಎಣಿಕೆ. ಅವೂ ಹೌದು. ಆದರೆ ವಾರ್ಡಿನಲ್ಲಿ ಬಹಳ ಕಾಲ ದುಡಿದು, ಈಗ ರೋಗಿಗಳ ಚಿಕಿತ್ಸೆಯನ್ನು ಒಂದಕ್ಕೊಂದು ಜೋಡಿಸುವ ಹೊಣೆ ಹೊತ್ತಿರುವ ನನಗೆ, ಬೆಳಿಗ್ಗೆ ಡೈರಿ ತೆರೆಯುವಾಗಿನ ಹುರುಪೇ ಬೇರೆ. ಬರೆಯುವುದು ಪೆನ್ಸಿಲ್ಲಿನಲ್ಲೇ. ಬಿಳಿ ರಕ್ತಕಣ ಇಳಿದರೆ ಕೀಮೋ ಮುಂದಕ್ಕೆ ಹೋಗುತ್ತದೆ; ಅದು ಹೋದರೆ ಅದರ ಬೆನ್ನಿಗಿದ್ದದ್ದೆಲ್ಲ ಹೋಗುತ್ತದೆ.

ಬಾಯಿ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ತಂಬಾಕು, ಗುಟ್ಕಾ, ಅಡಿಕೆಯ ನಮ್ಮ ಕಡೆ ಈ ರೋಗ ಹೊತ್ತು ಬರುವವರು ಬಹಳ. ರೋಗ ಮುಂದುವರಿದಿದ್ದರೆ ಆಪರೇಷನ್, ಆಮೇಲೆ ರೇಡಿಯೇಷನ್, ಕೆಲವರಿಗೆ ಅದರ ಜೊತೆಗೇ ವಾರಕ್ಕೊಮ್ಮೆ ಕೀಮೋ ಔಷಧಿ ಸಿಸ್‌ಪ್ಲಾಟಿನ್. ಹೇಳುವುದಕ್ಕೆ ಮೂರೇ ಮಾತು. ಆದರೆ ಆಪರೇಷನ್ ಆಗಿ ಸುಮಾರು 6 ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಅಷ್ಟರಲ್ಲಿ ಗಾಯ ಮಾಯಬೇಕು, ಪೆಥಾಲಜಿ ವರದಿ ಕೈಸೇರಬೇಕು, ಮುಖದ ಅಚ್ಚು ತೆಗೆದು ಸ್ಕ್ಯಾನ್ ಆಗಬೇಕು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡುವ ಔಷಧಿಯಾದ್ದರಿಂದ ಕ್ರಿಯಾಟಿನಿನ್ ನೋಡಬೇಕು, ಕಿವಿ ಪರೀಕ್ಷಿಸಬೇಕು. ಸರ್ಕಾರಿ ಸ್ಕೀಮಿನ ಮಂಜೂರಾತಿ ಬರಬೇಕು. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರಂತೆ, ಯಾವುದು ಯಾವಾಗ ಬೇಕಾದೀತು ಎಂಬುದು ಕೇಳುವ ಮೊದಲೇ ನನಗೆ ಗೊತ್ತಿರಬೇಕು.

ಹಲ್ಲಿನ ಮಾತು ಬಂದಾಗ ಮಾತ್ರ ತಕರಾರು ಏಳುತ್ತದೆ. “ರೋಗ ಗಲ್ಲದಾಗ ಐತ್ರೀ ಸಿಸ್ಟರ್, ಹಲ್ಲ್ಯಾಕ ಕೀಳಸ್ಬೇಕ್ರೀ?” ಎಂದರು ಕೊಪ್ಪಳದ ಕಡೆಯ ಹಿರಿಯರೊಬ್ಬರು. ನ್ಯಾಯವಾದ ಪ್ರಶ್ನೆ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ರೇಡಿಯೇಷನ್ ಆದಮೇಲೆ ಜೊಲ್ಲು ಒಣಗುತ್ತದೆ, ಹುಳುಕು ಹಲ್ಲು ಬೇಗ ಕೆಡುತ್ತದೆ. ಆಗ ಕೀಳಿಸಲು ಹೋದರೆ, ದವಡೆಗೆ ರಕ್ತದ ಹರಿವು ಕಡಿಮೆಯಾಗಿರುವುದರಿಂದ ಗಾಯ ಮಾಯುವುದು ಕಷ್ಟ, ಮೂಳೆಯೇ ಸಾಯಬಹುದು. ಇಷ್ಟನ್ನು ನಿಧಾನವಾಗಿ ಹೇಳಿದೆ. “ಹಂಗಿದ್ರ ಈಗ ಕಿತ್ತುಬಿಡ್ರಿ” ಎಂದರು. ಹಲ್ಲು ಕಿತ್ತ ಗಾಯ ಆರಿ ರೇಡಿಯೇಷನ್‌ಗೆ ಅಣಿಯಾಗಲು ಎರಡು ವಾರವಾದರೂ ಬೇಕು. ಆದರೆ ಹಲ್ಲಿನ ಡಾಕ್ಟರು ಆಪರೇಷನ್ನಿಗೆ ಮುಂಚೆಯೇ ಒಮ್ಮೆ ನೋಡಿಬಿಟ್ಟರೆ, ಕೆಟ್ಟ ಹಲ್ಲುಗಳನ್ನೂ ಅದೇ ಅರಿವಳಿಕೆಯಲ್ಲಿ ತೆಗೆಯಬಹುದು. ಆ ಎರಡು ವಾರ ಉಳಿಯುತ್ತದೆ, ಇನ್ನೊಂದು ಸಲದ ನೋವೂ ಉಳಿಯುತ್ತದೆ. ಒಂದು ಫೋನಿನಿಂದ ಹೀಗೆ ಉಳಿಸಿಕೊಟ್ಟ ದಿನಗಳಷ್ಟು ಖುಷಿಯನ್ನು ನನಗೆ ಬೇರೆ ಯಾವುದೂ ಕೊಡುವುದಿಲ್ಲ.

ಮೂಗಿನಿಂದ ಹೊಟ್ಟೆಗೆ ಊಟ ಬಿಡುವ ರೈಲ್ಸ್ ಟ್ಯೂಬ್ ಹಾಕಿದ ರೋಗಿಯ ಮನೆಯಲ್ಲಿ ಅಡುಗೆ ಮಾಡುವವರು ಯಾರೆಂದು ನಾನು ಮೊದಲು ಕೇಳುತ್ತೇನೆ. ರಾಗಿ ಗಂಜಿಯನ್ನು ಗಂಟಿಲ್ಲದಂತೆ ಸೋಸುವುದು, ರೋಗಿಯನ್ನು ಒರಗಿಸಿ ಕೂರಿಸಿ ಸಿರಿಂಜಿನಲ್ಲಿ ನಿಧಾನವಾಗಿ ಬಿಡುವುದು, ಕೊನೆಗೆ ನೀರು ಹಾಯಿಸುವುದು, ಇದನ್ನೆಲ್ಲ ಕಲಿಯಬೇಕಾದವರು ಅವರು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಹೇಳಿದರೆ ತಲೆಗೆ ಹತ್ತದು. ಎರಡು ದಿನ ಮುಂಚೆ ಕರೆಸಿ, ಅವರ ಕೈಯಿಂದಲೇ ಮಾಡಿಸುತ್ತೇನೆ. ಕೀಮೋ ತೆಗೆದುಕೊಂಡು ಹೋಗುವವರಿಗೆ ಥರ್ಮಾಮೀಟರ್ ಓದಲು ಕಲಿಸಿ, ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲೆಂದು ಕಾಯದೆ ನಡುರಾತ್ರಿಯಾದರೂ ಆಸ್ಪತ್ರೆಗೆ ಬರಬೇಕೆಂದು ಹೇಳುತ್ತೇನೆ, ಅವರ ಬಾಯಲ್ಲೂ ಹೇಳಿಸುತ್ತೇನೆ.

ಗುಣವಾಗದ ರೋಗಕ್ಕೂ ಸಮಯಪಾಲನೆ ಬೇಕು, ಇನ್ನೂ ಹೆಚ್ಚೇ ಬೇಕು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ವೈದ್ಯಕೀಯ ಓದಿದ್ದು ಆಮೇಲೆ. ನೋವಿನ ಔಷಧಿಯನ್ನು ರೋಗಿ ನರಳಿದಾಗ ಕೊಡುವುದಲ್ಲ, ನೋವು ಮರಳುವ ಮೊದಲೇ ಹೊತ್ತು ಹೊತ್ತಿಗೆ ಕೊಡಬೇಕೆಂದು ಅವರು ಹಟ ಹಿಡಿದರು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಕೊಡುವಾಗೆಲ್ಲ ಅವರ ನೆನಪಾಗುತ್ತದೆ. ಗಡಿಯಾರ ನೋಡಿ ತೋರಿಸುವ ಕರುಣೆಯಲ್ಲಿ ನನಗೆ ಪೂರ್ತಿ ನಂಬಿಕೆಯಿದೆ. ಕೈಹಿಡಿದು ಸಮಾಧಾನ ಹೇಳುವುದು ಒಳ್ಳೆಯದೇ. ಆದರೆ ಮಾತ್ರೆ ತಡವಾದರೆ ಆ ಸಮಾಧಾನ ನಿಲ್ಲುವುದಿಲ್ಲ.

ಟ್ಯೂಮರ್ ಬೋರ್ಡಿನ ಸಭೆಯಲ್ಲಿ ಸರ್ಜನ್ನರು, ರೇಡಿಯೇಷನ್ ಮತ್ತು ಕೀಮೋ ಡಾಕ್ಟರು, ಪೆಥಾಲಜಿಸ್ಟು ಎಲ್ಲ ಸೇರಿರುತ್ತಾರೆ. ಪರದೆಯ ಮೇಲೆ ಸ್ಕ್ಯಾನ್ ಇರುತ್ತದೆ. ಸ್ಕ್ಯಾನಿನಲ್ಲಿ ಕಾಣದ್ದನ್ನು ಅಲ್ಲಿಡುವುದು ನಮ್ಮ ಪಾಲು: ಮನೆಯಲ್ಲಿ ದುಡಿಯುವವರು ಇವರೊಬ್ಬರೇ, ಧರ್ಮಶಾಲೆಯಲ್ಲಿ ಜಾಗ ಸಿಕ್ಕಿಲ್ಲ, ಹೆಂಡತಿಗೆ ಓದು ಬಾರದು. ಕಿರಿಯ ಸಿಸ್ಟರುಗಳನ್ನು ಸರದಿಯ ಮೇಲೆ ಕರೆದೊಯ್ಯುತ್ತೇನೆ. ಮೊದಮೊದಲು ಗೋಡೆಗೊರಗಿ ಸುಮ್ಮನೆ ನಿಲ್ಲುತ್ತಾರೆ. ಮೊನ್ನೆ ಸ್ತನ ಕ್ಯಾನ್ಸರಿನ ಹೆಣ್ಣುಮಗಳೊಬ್ಬಳ ಕೀಮೋ ಮಧ್ಯಾಹ್ನಕ್ಕೆಂದು ತೀರ್ಮಾನವಾಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಹೊಸ ಸಿಸ್ಟರ್ ಮುಂದೆ ಬಂದು, “ಸರ್, ಇವರ ಊರಿಗೆ ಕೊನೇ ಬಸ್ಸು ಐದು ಗಂಟೆಗೆ. ಮನೇಲಿ ಸಣ್ಣ ಮಗು ಇದೆ” ಎಂದಳು. ಡಾಕ್ಟರು ಪಟ್ಟಿ ನೋಡಿ ಬೆಳಿಗ್ಗೆ ಎಂಟಕ್ಕೆ ಬದಲಾಯಿಸಿದರು. ರಕ್ತದ ವರದಿ ಹಿಂದಿನ ದಿನವೇ ಬೇಕಾಗುತ್ತದೆಂದು ಅವಳೇ ಲ್ಯಾಬಿಗೆ ಫೋನು ಮಾಡಲು ಹೊರಟಳು.