ಲೋಟದೊಳಗಿನ ಶಫಕ್

ಮಳವಳ್ಳಿಯಲ್ಲಿ ಉರ್ದು ಶಾಲೆ ಮುಗಿಸಿ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದಾಗ ವಿಜ್ಞಾನದ ಪಾಠವೆಂದರೆ ನನಗೆ ಹೆದರಿಕೆ. ಬೀದಿಯ ಕನ್ನಡ ಬರುತ್ತಿತ್ತು; 'ತರಂಗದೂರ', 'ಚದುರುವಿಕೆ' ಎಂಬ ಪುಸ್ತಕದ ಕನ್ನಡ ಬರುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಹಿಂದಿನ ಬೆಂಚುಗಳಿಂದ ನಗು ಕೇಳಿಸುತ್ತಿತ್ತು. ಇನ್ನು ಶಾಲೆಗೆ ಹೋಗುವುದಿಲ್ಲ ಎಂದು ಅಬ್ಬಾಗೆ ಹೇಳಿಯೂ ಆಗಿತ್ತು.

ಒಂದು ದಿನ ಮೇಷ್ಟ್ರು ಕಿಟಕಿಗಳಿಗೆ ಗೋಣಿಚೀಲ ಕಟ್ಟಿಸಿ ಕೋಣೆ ಕತ್ತಲು ಮಾಡಿದರು. ಮೇಜಿನ ಮೇಲೆ ಒಂದು ಗಾಜಿನ ಲೋಟದಲ್ಲಿ ನೀರು, ಪಕ್ಕದಲ್ಲಿ ಟಾರ್ಚು. ಹಾಲು ಹಾಕಲು ನನ್ನನ್ನೇ ಕರೆದರು. ಒಂದು ಹನಿ, ಎರಡು, ಮೂರು. ಪಕ್ಕದಿಂದ ನೋಡಿದರೆ ನೀರಿನಲ್ಲಿ ತೆಳುವಾದ ನೀಲಿ. ಲೋಟದ ಆಚೆಯಿಂದ ಟಾರ್ಚನ್ನೇ ನೋಡಿದರೆ ಮುಳುಗುವ ಸೂರ್ಯನ ಕಿತ್ತಳೆ ಬಣ್ಣ.

'ಏನ್ ಕಾಣ್ತದಪ್ಪ?' ಎಂದರು.

ನನಗೆ ಹೊಳೆದದ್ದು ಒಂದೇ ಪದ. 'ಶಫಕ್, ಸಾರ್.'

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. 'ಹಂಗಂದ್ರೇನು?' ಎಂದು ಕೇಳಿದರು. ಮಗ್ರಿಬ್ ಹೊತ್ತಿಗೆ ಆಕಾಶದಲ್ಲಿ ಉಳಿಯುವ ಕೆಂಪು ಎಂದೆ. ಅವರು ಬೋರ್ಡಿನ ಮೇಲೆ 'ಶಫಕ್ ಎಂದರೆ ಸಂಜೆಗೆಂಪು' ಎಂದು ಬರೆದು, ಅಲ್ಲಿಂದಲೇ ಪಾಠ ಶುರುಮಾಡಿದರು.

ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಹಾಲಿನ ಅತಿಸಣ್ಣ ಕಣಗಳು ನೀಲಿಯನ್ನು ಹೆಚ್ಚು ಚದುರಿಸುತ್ತವೆ. ನೇರವಾಗಿ ಸಾಗಿ ಬರುವುದು ಹಳದಿ, ಕೆಂಪು. ಆಕಾಶದಲ್ಲಿ ಈ ಕೆಲಸ ಗಾಳಿಯ ಅಣುಗಳದ್ದು. 1871ರಲ್ಲಿ ರ್‍ಯಾಲೆ ಹಾಕಿಕೊಟ್ಟ ಲೆಕ್ಕದಂತೆ 450 ನ್ಯಾನೋಮೀಟರಿನ ನೀಲಿ, 700ರ ಕೆಂಪಿಗಿಂತ ಸುಮಾರು ಆರು ಪಟ್ಟು ಹೆಚ್ಚು ಚದುರುತ್ತದೆ. ಸಂಜೆಯ ಬೆಳಕು ಗಾಳಿಯಲ್ಲಿ ಬಹುದೂರ ಸಾಗಬೇಕು, ನೀಲಿ ದಾರಿಯಲ್ಲೇ ಚೆಲ್ಲಿಹೋಗುತ್ತದೆ. ಅಷ್ಟರಲ್ಲಿ ಒಬ್ಬ ಹುಡುಗ ಉಳಿದ ಹಾಲನ್ನೆಲ್ಲ ಸುರಿದುಬಿಟ್ಟ. ನೀಲಿಯೂ ಇಲ್ಲ, ಕೆಂಪೂ ಇಲ್ಲ, ಬರೀ ಬಿಳಿ. 'ಮೋಡ ಬೆಳ್ಳಗಿರೋದೂ ಹೆಚ್ಚುಕಮ್ಮಿ ಹಿಂಗೇ' ಎಂದರು ಮೇಷ್ಟ್ರು.

ಮದ್ದೂರಿನ ಕಡೆಯ ಆಲೆಮನೆಯಲ್ಲಿ ಕೆಲಸಕ್ಕಿದ್ದ ಅಬ್ಬಾ ರಾತ್ರಿ ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಆಲೆಮನೆಯ ತೆಳುಹೊಗೆ ತೆಂಗಿನ ತೋಪಿನ ಮುಂದೆ ನೀಲಿಯಾಗಿ, ಮೇಲೇರಿ ಬೆಳ್ಳನೆಯ ಆಕಾಶದ ಮುಂದೆ ಕಂದಾಗಿ ಕಾಣುವುದನ್ನು ಅವರು ದಿನಾ ನೋಡಿದ್ದರು. 'ಇಶಾ ಯಾವಾಗ ಶುರುವಾಗ್ತದೆ ಗೊತ್ತಾ ಬೇಟಾ?' ಎಂದರು. ಶಫಕ್ ಅಂದರೆ ಕೆಂಪು ಮಾಸಿದ ಮೇಲೆ ಉಳಿಯುವ ಬಿಳುಪು ಎಂದು ಇಮಾಮ್ ಅಬೂ ಹನೀಫಾ. ಅಲ್ಲ, ಕೆಂಪೇ ಎಂದು ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್. ಗುರುವಿನ ಮಾತು ಒಪ್ಪದೆಯೂ ಅವರು ಶಿಷ್ಯರಾಗಿಯೇ ಉಳಿದರು. 'ನೀನು ನಗೋರಿಗೆ ಹೆದರಿ ಶಾಲೆ ಬಿಡ್ತೀಯಾ?' ಎಂದರು ಅಬ್ಬಾ. ನಾನು ಬಿಡಲಿಲ್ಲ.

ಮಗಳು ಈಗ ಮಂಡ್ಯದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾಳೆ. ಸಿ.ವಿ. ರಾಮನ್ 1928ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದ ಫೆಬ್ರವರಿ 28, ನಮ್ಮಲ್ಲಿ ವಿಜ್ಞಾನ ದಿನ. ಅದಕ್ಕೆಂದು ಅವಳು ಅದೇ ಹಾಲು-ನೀರಿನ ಪ್ರಯೋಗವನ್ನು ಮೊಬೈಲ್ ಟಾರ್ಚಿನಲ್ಲಿ ಮಾಡಿ ತೋರಿಸಿದಳು. 'ಸ್ಕ್ಯಾಟರಿಂಗ್' ಎಂದು ಪಟಪಟನೆ ಹೇಳಿದಳು. ಶಫಕ್ ಎಂದರೆ ಏನೆಂದು ಕೇಳಿದೆ. ಗೊತ್ತಿರಲಿಲ್ಲ. ಸಂಜೆಗೆಂಪು? ಅದೂ ಗೊತ್ತಿರಲಿಲ್ಲ.

ಅವಳ ನೋಟ್‌ಬುಕ್ಕಿನಲ್ಲಿ ಮೊದಲು ಉರ್ದುವಿನಲ್ಲಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಮೇಷ್ಟ್ರು ಅಂದು ನನ್ನ ಪದಕ್ಕೆ ಬೋರ್ಡಿನ ಮೇಲೆ ಕೊಟ್ಟ ಜಾಗದ ಋಣ ಇಷ್ಟರಿಂದಲೇ ತೀರುವಂಥದ್ದಲ್ಲ.